ಬಿಳಿ ಕಲ್ಲೆಲ್ಲ ಬೆಣಚುಕಲ್ಲಲ್ಲ: ದುರ್ಗ, ದಾವಣಗೆರೆ ಕಡೆಯ ಕಲ್ಲುಗಳನ್ನು ಗುರುತಿಸುವ ಬಗೆ

ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ಒಂದು ಬಿಳಿ ಕಲ್ಲು ಸಿಕ್ಕಿತು ಅಂದುಕೊಳ್ಳಿ. ಚಿತ್ರದುರ್ಗ, ದಾವಣಗೆರೆ ಕಡೆ ಇದಕ್ಕೇನೂ ಬರವಿಲ್ಲ. ಅದು ಬೆಣಚುಕಲ್ಲು (ಕ್ವಾರ್ಟ್ಜ್) ಇರಬಹುದು, ಗ್ರಾನೈಟಿನಲ್ಲಿ ಕಾಣುವ ಫೆಲ್ಡ್‌ಸ್ಪಾರ್ ಇರಬಹುದು, ಸುಣ್ಣದ ಜಾತಿಯ ಕ್ಯಾಲ್ಸೈಟ್ ಕೂಡ ಇರಬಹುದು. ಮೂರೂ ಬಿಳಿಯೇ. ಫೋಟೋ ತೆಗೆದು ಮೊಬೈಲ್ ಆ್ಯಪಿಗೆ ತೋರಿಸಿದರೆ ಅದು ಏನೋ ಒಂದು ಹೆಸರು ಹೇಳುತ್ತದೆ. ಆದರೆ ಫೋಟೋದಲ್ಲಿ ಮುಖ್ಯವಾಗಿ ಕಾಣುವುದು ಬಣ್ಣ. ಕಲ್ಲು ಗುರುತಿಸುವಾಗ ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದು ಆ ಬಣ್ಣವನ್ನೇ.

ಯಾಕೆಂದರೆ ಬಣ್ಣ ಕೆಡುವುದಕ್ಕೆ ಬಹಳ ಏನೂ ಬೇಕಾಗಿಲ್ಲ. ಶುದ್ಧ ಬೆಣಚುಕಲ್ಲು ನೀರಿನಷ್ಟು ತಿಳಿ. ಅದರೊಳಗೆ ಬೇರೆ ಧಾತು ಒಂದಿಷ್ಟು ಸೇರಿದರೆ ನೇರಳೆ, ನಸುಗೆಂಪು, ಹೊಗೆಬಣ್ಣ ಎಲ್ಲ ಬರುತ್ತದೆ. ಮಳೆ ಬಿಸಿಲಿಗೆ ಬಿದ್ದ ಕಲ್ಲಿನ ಮೇಲೆ ಕಬ್ಬಿಣದ ತುಕ್ಕು ಹತ್ತಿ ಕೆಂಪಾಗುತ್ತದೆ. ಹಾಗಾಗಿ ಮೊದಲ ಕೆಲಸ, ಕಲ್ಲನ್ನು ಒಡೆದು ಒಳಗಿನ ಹೊಸ ಮೈ ನೋಡುವುದು. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಸುತ್ತಿಗೆ ಹಿಡಿಯಿರಿ. ಬೆಣಚುಕಲ್ಲಿನ ಚಕ್ಕೆ ಹಾರಿದರೆ ಬ್ಲೇಡಿಗಿಂತ ಹರಿತ.

ಇನ್ನೊಂದು ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ಖನಿಜ ಬೇರೆ, ಶಿಲೆ ಬೇರೆ. ದಾವಣಗೆರೆಯ ಖಾರ ಮಂಡಕ್ಕಿ ತೆಗೆದುಕೊಳ್ಳಿ. ಅದರಲ್ಲಿ ಮಂಡಕ್ಕಿ, ಈರುಳ್ಳಿ, ಹುರಿಗಡಲೆ ಬೇರೆ ಬೇರೆಯಾಗಿ ಕಾಣುತ್ತವೆ; ಒಟ್ಟು ಸೇರಿದ್ದಕ್ಕೆ ಖಾರ ಮಂಡಕ್ಕಿ ಅಂತ ಹೆಸರು. ಶಿಲೆಯೂ ಹಾಗೆ, ಖನಿಜಗಳು ಕೂಡಿ ಆದದ್ದು. ಗ್ರಾನೈಟ್ ಒಂದು ಶಿಲೆ. ಅದರೊಳಗಿನ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಖನಿಜಗಳು. ಮುಂದೆ ಹೇಳುವ ಗೀರು, ಪುಡಿ, ಸೀಳಿನ ಪರೀಕ್ಷೆಗಳು ಖನಿಜಕ್ಕೆ. ಶಿಲೆಗೆ ಬೇರೆ ಪ್ರಶ್ನೆ ಕೇಳಬೇಕು: ಕಾಳು ಎಷ್ಟು ದೊಡ್ಡದು, ಹೇಗೆ ಜೋಡಣೆಯಾಗಿವೆ, ಪಟ್ಟೆ ಇದೆಯಾ? ಇವೆರಡನ್ನು ಕಲಸಿದರೆ ಯಾವ ಪರೀಕ್ಷೆಯೂ ಸರಿ ಉತ್ತರ ಕೊಡುವುದಿಲ್ಲ.

ಸಾಮಾನಿಗೆ ಖರ್ಚು ಜಾಸ್ತಿ ಇಲ್ಲ. ಒಂದು ಹಳೆ ಚಾಕು, ಒಂದು ಗಾಜಿನ ಚೂರು, ಬಚ್ಚಲ ಗೋಡೆಗೆ ಹಾಕಿ ಉಳಿದ ಒಂದು ಟೈಲ್ಸ್ ತುಂಡು, ಕೆಟ್ಟ ಸ್ಪೀಕರಿನಿಂದ ತೆಗೆದ ಆಯಸ್ಕಾಂತ, ಒಂದು ನಿಂಬೆಹಣ್ಣು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರ ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ಆ ಬಿಳಿ ಕಲ್ಲಿಗೆ ಬರೋಣ. ಚಾಕುವಿನ ತುದಿಯಿಂದ ಒತ್ತಿ ಗೀರಿ. ಗೆರೆ ಬಿತ್ತಾ? ಅವಸರ ಬೇಡ. ಬೆರಳು ಒದ್ದೆ ಮಾಡಿ ಒರೆಸಿ, ಆಮೇಲೆ ಉಗುರಿನಿಂದ ಆ ಜಾಗ ತಡವಿ. ಉಗುರು ಸಿಕ್ಕಿಕೊಳ್ಳುವ ಹಾಗೆ ತಗ್ಗು ಇದ್ದರೆ ಕಲ್ಲು ಸವೆದಿದೆ. ಬರೀ ಬೂದುಬಣ್ಣದ ಹೊಳೆಯುವ ಗೆರೆ ಇದ್ದರೆ ಸವೆದದ್ದು ಚಾಕು. ಅದರ ಉಕ್ಕು ಕಲ್ಲಿಗೆ ಅಂಟಿದೆ ಅಷ್ಟೇ. ಹೊಸಬರು ಜಾಸ್ತಿ ಎಡವುವುದು ಇಲ್ಲಿಯೇ. ಕಲ್ಲು ಗಟ್ಟಿಯಿದ್ದಾಗಲೇ ಆ ಬೂದು ಗೆರೆ ಚೆನ್ನಾಗಿ ಬೀಳುವುದು, ಅದನ್ನೇ ಗೀರು ಅಂದುಕೊಂಡು ಕಲ್ಲು ಮೆತ್ತಗಿದೆ ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಈ ಗಡಸುತನಕ್ಕೆ 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜತಜ್ಞ ಒಂದರಿಂದ ಹತ್ತರ ಸಾಲು ಮಾಡಿದ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ 1, ಜಿಪ್ಸಮ್ 2, ಕ್ಯಾಲ್ಸೈಟ್ 3, ಫೆಲ್ಡ್‌ಸ್ಪಾರ್ 6, ಬೆಣಚು 7, ವಜ್ರ 10. ಇದು ಯಾರು ಯಾರನ್ನು ಗೀರುತ್ತಾರೆ ಎಂಬ ಸರದಿ ಮಾತ್ರ, ಅಳತೆಯಲ್ಲ. ವಜ್ರಕ್ಕೂ 9ರಲ್ಲಿರುವ ಕುರಂದಕ್ಕೂ (ಮಾಣಿಕ್ಯ, ನೀಲದ ಜಾತಿ) ಇರುವ ಅಂತರ ಒಂದು ಅಂಕಿಯದ್ದಾದರೂ ನಿಜವಾದ ಗಡಸುತನದಲ್ಲಿ ವಜ್ರ ಹಲವು ಪಟ್ಟು ಮುಂದೆ. ನಮ್ಮ ಉಗುರು ಸುಮಾರು 2.5, ತಾಮ್ರ 3, ಸಾಧಾರಣ ಚಾಕು ಮತ್ತು ಕಿಟಕಿ ಗಾಜು 5.5ರ ಹತ್ತಿರ. ತಾಮ್ರದ ನಾಣ್ಯದಿಂದ ಗೀರಿ ಅಂತ ಹಳೆ ಪುಸ್ತಕಗಳಲ್ಲಿ ಬರೆದಿರುತ್ತದೆ. ಈಗಿನ ನಮ್ಮ ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದು, ಆ ಲೆಕ್ಕ ನಡೆಯುವುದಿಲ್ಲ. ದೇವರಮನೆಯ ಉದ್ಧರಣೆ ತಾಮ್ರದ್ದೇ, ಆದರೆ ಅದನ್ನು ಕಲ್ಲಿಗೆ ಉಜ್ಜಿದರೆ ಅಜ್ಜಿ ಸುಮ್ನೆ ಬಿಡುತ್ತಾರಾ? ದಪ್ಪ ತಾಮ್ರದ ವೈರು ಸಾಕು.

ಬಿಳಿ ಕಲ್ಲು ಚಾಕುವಿಗೆ ಸುಲಭವಾಗಿ ಸವೆದರೆ ಅದು ಕ್ಯಾಲ್ಸೈಟ್ ಕಡೆಯದು. ಕೆರೆದು ಬಂದ ಪುಡಿಯ ಮೇಲೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆ ಬಂದರೆ ಗ್ಯಾರಂಟಿ ಸುಣ್ಣದ ಜಾತಿ. ಹೊರಬರುವ ಗಾಳಿ ಕಾರ್ಬನ್ ಡೈಆಕ್ಸೈಡ್. ಪುಡಿಯ ಮೇಲೆಯೇ ಹಿಂಡಬೇಕು. ಗಟ್ಟಿ ಕಲ್ಲಿನ ಮೇಲೆ ಹಿಂಡಿದರೆ ನಿಂಬೆಯ ಶಕ್ತಿ ಸಾಲುವುದಿಲ್ಲ, ಗುಳ್ಳೆ ಕಾಣದೇ ಹೋಗಬಹುದು. ಬಚ್ಚಲು ತೊಳೆಯುವ ಆಸಿಡ್ ಚೆನ್ನಾಗಿ ನೊರೆ ಬರಿಸುತ್ತದೆ, ಆದರೆ ಅದರ ಹೊಗೆ, ಸುಟ್ಟ ಕೈ ಯಾಕೆ ಬೇಕು? ಎರೆಹೊಲದಲ್ಲಿ ಸಿಗುವ ಉಂಡೆ ಉಂಡೆ ಸುಣ್ಣಕಲ್ಲಿನ ಮೇಲೂ ಇದೇ ಪರೀಕ್ಷೆ ಮಾಡಿ ನೋಡಿ, ಮಕ್ಕಳಿಗೆ ತೋರಿಸಲು ಅದೇ ಸುಲಭ.

ಚಾಕು ಸೋತರೆ ಉಳಿದದ್ದು ಎರಡು: ಬೆಣಚು, ಫೆಲ್ಡ್‌ಸ್ಪಾರ್. ಎರಡೂ ಗಾಜನ್ನು ಗೀರುತ್ತವೆ. ಗಾಜನ್ನು ಕೈಯಲ್ಲಿ ಹಿಡಿಯಬೇಡಿ, ಮೇಜಿನ ಮೇಲಿಟ್ಟು ಅದರ ಮೇಲೆ ಕಲ್ಲನ್ನು ಎಳೆಯಿರಿ. ಇಲ್ಲಿಂದ ಮುಂದೆ ಗಡಸುತನ ಸಹಾಯಕ್ಕೆ ಬರುವುದಿಲ್ಲ. ಒಡೆಯುವ ರೀತಿ ನೋಡಬೇಕು. ನನ್ನ ಮಟ್ಟಿಗೆ ಎಲ್ಲ ಗುಣಗಳಲ್ಲಿ ಹೆಚ್ಚು ಹೇಳುವುದು ಇದೇ. ಖನಿಜದೊಳಗೆ ಅಣುಗಳು ಸಾಲಾಗಿ ಕೂತಿರುತ್ತವೆ. ಯಾವ ದಿಕ್ಕಿನಲ್ಲಿ ಅವುಗಳ ಹಿಡಿತ ಸಡಿಲವೋ ಆ ದಿಕ್ಕಿನಲ್ಲಿ ಕಲ್ಲು ಚಪ್ಪಟೆಯಾಗಿ ಸೀಳುತ್ತದೆ. ಬೆಣಚಿನಲ್ಲಿ ಹಿಡಿತ ಎಲ್ಲ ಕಡೆಯೂ ಬಿಗಿ. ಅದಕ್ಕೇ ಅದು ಸೀಳುವುದಿಲ್ಲ. ಬಾಗಿದ, ಅಲೆಅಲೆಯಾದ ಮೈ ಬಿಟ್ಟು ಒಡೆಯುತ್ತದೆ. ಗಾಜು ಒಡೆಯುವುದೂ ಹೀಗೆಯೇ. ಫೆಲ್ಡ್‌ಸ್ಪಾರಿಗೆ ಎರಡು ಸೀಳು, ಒಂದಕ್ಕೊಂದು ಹೆಚ್ಚುಕಡಿಮೆ ನೇರ ಮೂಲೆಯಲ್ಲಿ. ಕ್ಯಾಲ್ಸೈಟಿಗೆ ಮೂರು, ಆದರೆ ಓರೆ. ಒಡೆದಷ್ಟೂ ಓರೆ ಚೌಕದ ತುಂಡುಗಳೇ ಬರುತ್ತವೆ. ಅಭ್ರಕಕ್ಕೆ, ಅಂದರೆ ನಮ್ಮ ಕಾಗೆಬಂಗಾರಕ್ಕೆ, ಒಂದೇ ಸೀಳು. ಹಾಳೆ ಹಾಳೆಯಾಗಿ ಏಳುತ್ತದೆ, ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ.

ಸೀಳನ್ನು ಬಿಸಿಲಿನಲ್ಲಿ ನೋಡುವುದು ಸುಲಭ. ಕಲ್ಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಫೆಲ್ಡ್‌ಸ್ಪಾರಿನ ಚಪ್ಪಟೆ ಮೈ ಒಂದು ಕೋನಕ್ಕೆ ಬಂದಾಗ ಪಟ್ಟನೆ ಮಿಂಚುತ್ತದೆ, ಸ್ವಲ್ಪ ತಿರುಗಿಸಿದರೆ ಆರುತ್ತದೆ. ಬೆಣಚು ಹಾಗೆ ಮಿಂಚುವುದಿಲ್ಲ. ಎಲ್ಲ ಕಡೆಯಿಂದಲೂ ಎಣ್ಣೆ ಸವರಿದ ಹಾಗೆ ಮಂಕಾಗಿ ಹೊಳೆಯುತ್ತದೆ. ಎರಡು ಬೆಣಚುಕಲ್ಲು ಕತ್ತಲಲ್ಲಿ ಉಜ್ಜಿದರೆ ಒಳಗಿಂದ ಬೆಳಕು ಬರುವುದು ಹಳ್ಳಿ ಮಕ್ಕಳಿಗೆಲ್ಲ ಗೊತ್ತು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಇದೇ ಬೆಣಚನ್ನು ಪುಡಿಮಾಡಿ, ಚೌಳು ಮಣ್ಣಿನ ಉಪ್ಪು ಸೇರಿಸಿ ಕಾಯಿಸಿ ಬಳೆಯ ಗಾಜು ಮಾಡುತ್ತಿದ್ದರು.

ಬಿಳಿ ಆಯಿತು. ಕಪ್ಪು, ಕೆಂಪು ಕಲ್ಲಿಗೆ ಟೈಲ್ಸ್ ತುಂಡು ಬೇಕು. ಟೈಲ್ಸಿನ ನುಣುಪು ಮುಖವಲ್ಲ, ಹಿಂದಿನ ಒರಟು ಮುಖ. ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪಿಲ್ಲದ ಅಂಚು ಇರುತ್ತದಲ್ಲ, ಅದೂ ಆಗುತ್ತದೆ. ಅದರ ಮೇಲೆ ಕಲ್ಲನ್ನು ಒತ್ತಿ ಎಳೆದರೆ ಪುಡಿಯ ಗೆರೆ ಬೀಳುತ್ತದೆ. ಕಲ್ಲಿನ ಮೈಬಣ್ಣ ಮೋಸ ಮಾಡಬಹುದು, ಪುಡಿಯ ಬಣ್ಣ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಹೊಸದುರ್ಗ, ಹೊಳಲ್ಕೆರೆ, ಭೀಮಸಮುದ್ರದ ಕಡೆ ಕಬ್ಬಿಣದ ಅದಿರು ಇದೆ. ಅದಿರಿನ ಲಾರಿಗಳು, ಕೆಂಧೂಳು, ಆಮೇಲೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದು ಈ ಕಡೆಯವರಿಗೆ ನೆನಪಿರುತ್ತದೆ. ಆ ಅದಿರಿನ ಮುಖ್ಯ ಖನಿಜ ಹೆಮಟೈಟ್. ಕೆಲವು ತುಂಡು ಕೆಂಪು, ಕೆಲವು ಉಕ್ಕಿನ ಬೂದು, ಕೆಲವು ಕರ್‍ರಗೆ ಹೊಳೆಯುತ್ತವೆ. ಟೈಲ್ಸಿಗೆ ಎಳೆದರೆ ಎಲ್ಲವೂ ಕೆಂಪುಗಂದು ಗೆರೆಯನ್ನೇ ಬಿಡುತ್ತವೆ. ತುಳಸಿಕಟ್ಟೆಗೆ ಬಳಿಯುವ ಕೆಮ್ಮಣ್ಣಿನ ಬಣ್ಣವೇ ಅದು. ಆ ಮಣ್ಣಿಗೂ ಬಣ್ಣ ಕೊಡುವುದು ಹೆಮಟೈಟೇ. ಇನ್ನೊಂದು ಕಬ್ಬಿಣದ ಖನಿಜ ಮ್ಯಾಗ್ನಟೈಟ್ ನೋಡಲು ಕರಿ ಹೆಮಟೈಟಿನ ಹಾಗೆ, ಆದರೆ ಗೆರೆ ಕಪ್ಪು, ಆಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತದೆ. ಗೆರೆ ಹಳದಿಗಂದು ಬಂದರೆ ಅದು ನೀರು ಸೇರಿದ ತುಕ್ಕಿನ ಜಾತಿ, ಗೋಥೈಟ್ ಅಥವಾ ಲಿಮೋನೈಟ್. ಮಳೆ ನಿಂತ ಮೇಲೆ ಹಳ್ಳದ ಮರಳಿನಲ್ಲಿ ಕರಿ ಪುಡಿ ಗೆರೆಗಟ್ಟಿ ನಿಂತಿರುತ್ತದೆ. ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಅದರಲ್ಲಿ ಆಡಿಸಿ. ಅಂಟುವುದರಲ್ಲಿ ಹೆಚ್ಚಿನದು ಮ್ಯಾಗ್ನಟೈಟ್. ಕವರ್ ಸುತ್ತದಿದ್ದರೆ ಆ ಪುಡಿ ಬಿಡಿಸಲು ಸಂಜೆಯಾಗುತ್ತದೆ.

ಕೈಗೆ ಮಸಿ ಹತ್ತಿಸುವ ಕಪ್ಪು ಕಲ್ಲು ಸಿಕ್ಕರೆ ಮ್ಯಾಂಗನೀಸ್ ಇರಬಹುದು. ಪೈರೊಲುಸೈಟ್ ಎಂಬ ಅದರ ಅದಿರು ಮುಟ್ಟಿದರೇ ಬೆರಳು ಕಪ್ಪಾಗುತ್ತದೆ. ಈ ಟೈಲ್ಸ್ ಗೆರೆಯ ಪರೀಕ್ಷೆ ಬೆಣಚುಕಲ್ಲಿಗೆ ನಡೆಯುವುದಿಲ್ಲ. ಅದು ಟೈಲ್ಸಿಗಿಂತ ಗಟ್ಟಿ, ಗೆರೆ ಬಿಡುವ ಬದಲು ಟೈಲ್ಸನ್ನೇ ಕೊರೆಯುತ್ತದೆ.

ಇನ್ನು ಎಲ್ಲರಿಗೂ ಆಸೆ ಹುಟ್ಟಿಸುವ ಹಳದಿ ಹೊಳಪಿನ ವಿಚಾರ. ಚಿತ್ರದುರ್ಗದ ಹತ್ತಿರದ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿ ನಡೆಯುತ್ತಿತ್ತು. ಅಲ್ಲಿನ ಅದಿರು ಚಾಲ್ಕೋಪೈರೈಟ್, ಅಂದರೆ ತಾಮ್ರ, ಕಬ್ಬಿಣ, ಗಂಧಕ ಸೇರಿದ್ದು. ಅದರ ಜೊತೆಗೇ ಪೈರೈಟ್ ಇರುತ್ತದೆ. ಅದರಲ್ಲಿ ತಾಮ್ರವಿಲ್ಲ, ಬರೀ ಕಬ್ಬಿಣ, ಗಂಧಕ. ಎರಡೂ ಚಿನ್ನದ ಹಾಗೆ ಹೊಳೆಯುತ್ತವೆ. ಚಾಕು ಹಿಡಿಯಿರಿ. ಪೈರೈಟ್ ಗಡಸುತನ 6ರಿಂದ 6.5, ಚಾಕು ಜಾರುತ್ತದೆ. ಅದು ಹಲವು ಸಲ ಚೌಕ ಹರಳಾಗಿ ಬೆಳೆದಿರುತ್ತದೆ. ಚಾಲ್ಕೋಪೈರೈಟ್ 3.5ರಿಂದ 4, ಚಾಕುವಿಗೆ ಸವೆದು ಪುಡಿಯಾಗುತ್ತದೆ. ಇಬ್ಬರ ಗೆರೆಯೂ ಹಸಿರುಗಪ್ಪು. ಚಿನ್ನದ ಗೆರೆ ಚಿನ್ನದ ಬಣ್ಣದ್ದೇ, ಸೂಜಿಯಿಂದ ಚುಚ್ಚಿದರೆ ಪುಡಿಯಾಗದೆ ತಗ್ಗು ಬೀಳುತ್ತದೆ, ಸುತ್ತಿಗೆಯಿಂದ ತಟ್ಟಿದರೆ ತಗಡಾಗುತ್ತದೆ. ಕಾಗೆಬಂಗಾರವಾದರೆ ಹಾಳೆ ಏಳುತ್ತದೆ. ನಾಲ್ಕನ್ನೂ ಬೇರೆ ಮಾಡಲು ಒಂದು ಸೂಜಿ, ಒಂದು ಚಾಕು, ಒಂದು ಟೈಲ್ಸ್ ಸಾಕಾಯಿತಲ್ಲ! ಬಂಡೆಯ ಮೇಲೆ ಹಸಿರು ಕಲೆ ಕಂಡರೆ ಪಾಚಿಯಾ ತಾಮ್ರವಾ ಅಂತಲೂ ನೋಡಿ. ಪಾಚಿ ನೀರು ಹಾಕಿ ಉಜ್ಜಿದರೆ ಬರುತ್ತದೆ. ಉಜ್ಜಿದರೂ ಹೋಗದೆ ಬಿರುಕಿನೊಳಗೆಲ್ಲ ಇಳಿದಿರುವ ಹಸಿರು ಮ್ಯಾಲಕೈಟ್ ಇರಬಹುದು. ತಾಮ್ರದ ಅದಿರಿಗೆ ಗಾಳಿ, ನೀರು ತಾಗಿದಾಗ ಅದು ಹುಟ್ಟುತ್ತದೆ.

ಕೈಯಲ್ಲಿ ಹಿಡಿದಾಗ ಕಲ್ಲು ಗಾತ್ರಕ್ಕಿಂತ ಭಾರ ಅನ್ನಿಸಿದರೆ ಅದನ್ನು ಅಳೆಯಲೂಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಲ್ಲನ್ನು ತೂಗಿ ಬರೆದುಕೊಳ್ಳಿ. ಆಮೇಲೆ ನೀರು ತುಂಬಿದ ಮಗ್ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ಮೊದಲ ತೂಕವನ್ನು ಭಾಗಿಸಿ. ಕಲ್ಲು 318 ಗ್ರಾಂ ಇದ್ದು, ನೀರಿನಲ್ಲಿ 120 ತೋರಿಸಿದರೆ ಉತ್ತರ 2.65. ಅದು ಬೆಣಚಿನ ಸಾಂದ್ರತೆ. ಫೆಲ್ಡ್‌ಸ್ಪಾರ್, ಕ್ಯಾಲ್ಸೈಟ್ ಕೂಡ ಇದರ ಆಸುಪಾಸಿನಲ್ಲೇ ಇರುವುದರಿಂದ ಬಿಳಿ ಕಲ್ಲಿಗೆ ಈ ಪರೀಕ್ಷೆ ದಂಡ. ಲೋಹದ ಅದಿರಿಗೆ ಮಾತ್ರ ಚೆನ್ನ: ಚಾಲ್ಕೋಪೈರೈಟ್ 4.2ರ ಹತ್ತಿರ, ಪೈರೈಟ್ 5, ಹೆಮಟೈಟ್ 5ರ ಮೇಲೆ.

ಈಗ ಶಿಲೆಗಳು. ಏಳು ಸುತ್ತಿನ ಕೋಟೆಯ ಬಂಡೆಗಳ ಹತ್ತಿರ ಹೋಗಿ ನಿಂತು ನೋಡಿ, ಮುಟ್ಟಿ ನೋಡಿ, ಆದರೆ ಗೀರಬೇಡಿ; ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ನಸುಗೆಂಪು ಮತ್ತು ಬಿಳಿ ಫೆಲ್ಡ್‌ಸ್ಪಾರ್, ಬೂದು ಬೆಣಚು, ಕರಿ ಅಭ್ರಕದ ಚುಕ್ಕೆ ಬರಿಗಣ್ಣಿಗೇ ಕಾಣುತ್ತವೆ. ಕಾಳುಗಳು ಒಂದಕ್ಕೊಂದು ಕಚ್ಚಿಕೊಂಡಿವೆ, ಯಾವ ದಿಕ್ಕಿಗೂ ಸಾಲು ಹಿಡಿದಿಲ್ಲ. ಇದು ಗ್ರಾನೈಟ್. ಕರಗಿದ ಶಿಲೆ ನೆಲದ ಆಳದಲ್ಲಿ ನಿಧಾನವಾಗಿ ಆರಿದ್ದರಿಂದ ಕಾಳು ದಪ್ಪವಾಗಿ ಬೆಳೆದಿವೆ. ಅದೇ ಖನಿಜಗಳು ಕಪ್ಪು ಬಿಳಿ ಪಟ್ಟೆಯಾಗಿ ಸಾಲು ಹಿಡಿದಿದ್ದರೆ ಅದು ನೈಸ್ (gneiss) ಎಂಬ ಶಿಲೆ. ದಾವಣಗೆರೆ ಸುತ್ತ ಪಾಯಕ್ಕೆ ಹಾಕುವ ಸೈಜುಗಲ್ಲಿನಲ್ಲಿ ಇಂಥ ಪಟ್ಟೆ ಹುಡುಕಿ. ಇನ್ನು ಕೆಲವು ಕಡೆ ಕರಿ ಬಂಡೆಗಳು ಬಯಲಿನ ನಡುವೆ ಉದ್ದಕ್ಕೆ ಸಾಲಾಗಿ ಎದ್ದಿರುತ್ತವೆ. ಹಳೆ ಶಿಲೆಯ ಬಿರುಕಿನೊಳಗೆ ನುಗ್ಗಿ ಗಟ್ಟಿಯಾದ ಡಾಲರೈಟ್ ಅದು. ಕಾಳು ಸಣ್ಣ, ತೂಕ ಜಾಸ್ತಿ. ಅಂಗಡಿಯಲ್ಲಿ ಕಪ್ಪು ಗ್ರಾನೈಟ್ ಅಂತ ಮಾರುವುದು ಬಹುಪಾಲು ಈ ಜಾತಿಯದ್ದು. ಅದರಲ್ಲಿ ಗ್ರಾನೈಟಿನ ಲಕ್ಷಣವೇ ಇಲ್ಲ, ಹೆಸರು ಮಾತ್ರ ವ್ಯಾಪಾರದ್ದು.

ಚಿತ್ರದುರ್ಗದ ವಿಶೇಷ ಅಂದರೆ ಗ್ರಾನೈಟಿನ ಪಕ್ಕದಲ್ಲೇ ಪೂರ್ತಿ ಬೇರೆ ಲೋಕ ಇದೆ. ಗದಗದ ಕಡೆಯಿಂದ ಹೊರಟು ಚಿತ್ರದುರ್ಗ, ಚಿಕ್ಕನಾಯಕನಹಳ್ಳಿ ದಾಟಿ ದಕ್ಷಿಣಕ್ಕೆ ಸುಮಾರು 450 ಕಿ.ಮೀ. ಹಬ್ಬಿದ ಶಿಸ್ಟ್ ಪಟ್ಟಿ, ಅಂದರೆ ಶಾಖ, ಒತ್ತಡಕ್ಕೆ ಸಿಕ್ಕಿ ಪದರ ಪದರವಾದ ಹಳೆ ಶಿಲೆಗಳ ಸಾಲು, ಇಲ್ಲಿ ಹಾದುಹೋಗುತ್ತದೆ. ವಯಸ್ಸು ಹೆಚ್ಚುಕಡಿಮೆ 260ರಿಂದ 300 ಕೋಟಿ ವರ್ಷ. ಜೋಗಿಮಟ್ಟಿ ಕಡೆ ಏರಿದರೆ ಬಂಡೆ ಹಸಿರುಗಪ್ಪು ಬಣ್ಣಕ್ಕೆ ತಿರುಗುತ್ತದೆ, ಕಾಳು ಕಣ್ಣಿಗೆ ಬೀಳುವುದಿಲ್ಲ. ಅದು ಹಳೆಯ ಲಾವಾ. ಶಾಖ, ಒತ್ತಡಕ್ಕೆ ಸಿಕ್ಕಿ ಅದರೊಳಗೆ ಕ್ಲೋರೈಟ್‌ನಂಥ ಹಸಿರು ಖನಿಜ ಹುಟ್ಟಿದೆ. ಐಮಂಗಲ ಕಡೆಯ ಮರಡಿಹಳ್ಳಿಯಲ್ಲಿ ಈ ಲಾವಾ ಉಬ್ಬಿದ ದಿಂಬುಗಳಾಗಿ ಗಟ್ಟಿಯಾಗಿದೆ. ಲಾವಾ ನೀರಿನೊಳಗೆ ಹರಿದಾಗ ಮಾತ್ರ ಹೀಗಾಗುತ್ತದೆ: ಹೊರಮೈ ತಟ್ಟನೆ ಆರಿ ಸಿಪ್ಪೆ ಕಟ್ಟುತ್ತದೆ, ಒಳಗಿನದು ಒಡೆದು ಹೊರಬಂದು ಇನ್ನೊಂದು ದಿಂಬಾಗುತ್ತದೆ. ಅಂದರೆ ಬರಕ್ಕೆ ಹೆಸರಾದ ಈ ನೆಲ ಒಂದು ಕಾಲಕ್ಕೆ ನೀರಿನಡಿ ಇತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಅಲ್ಲಿಯೂ ಸುತ್ತಿಗೆಗೆ ಕೆಲಸವಿಲ್ಲ.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹತ್ತಿರ ಕಾಂಗ್ಲಾಮರೇಟ್ ಇದೆ. ಉರುಟು ಕಲ್ಲುಗಳು ಇನ್ನೊಂದು ಶಿಲೆಯೊಳಗೆ ಹೂತು ಕೂತಿರುತ್ತವೆ. ಕಲ್ಲು ಉರುಟಾಗಿದ್ದರೆ ನೀರು ಅದನ್ನು ಉರುಳಿಸಿ ತಂದಿದೆ ಅಂತ ಲೆಕ್ಕ. ಮೂಲೆ ಚೂಪಾಗಿದ್ದರೆ ಹತ್ತಿರದಲ್ಲೇ ಮುರಿದು ಬಿದ್ದದ್ದು. ಕಬ್ಬಿಣದ ಗುಡ್ಡಗಳ ಪಟ್ಟೆಗಲ್ಲನ್ನು ನೈಸ್ ಜೊತೆ ಕಲಸಬೇಡಿ. ಇದರಲ್ಲಿ ಒಂದು ಪಟ್ಟೆ ಸಿಲಿಕ, ಅಂದರೆ ಬೆಣಚಿನ ಜಾತಿ; ಇನ್ನೊಂದು ಕಬ್ಬಿಣದ ಆಕ್ಸೈಡ್. ಟೈಲ್ಸಿಗೆ ಕಬ್ಬಿಣದ ಪಟ್ಟೆಯನ್ನು ಎಳೆದರೆ ಕೆಂಪು ಇಲ್ಲವೇ ಕಪ್ಪು ಗೆರೆ ಬರುತ್ತದೆ, ನೈಸಿನಿಂದ ಬರುವುದಿಲ್ಲ.

ಬಳಪದ ಕಲ್ಲು ಗುರುತಿಸಲು ಕಣ್ಣೂ ಬೇಡ. ಮುಟ್ಟಿದರೆ ಸೋಪಿನ ಜಾರು, ಉಗುರಿಗೂ ಗೆರೆ ಬೀಳುತ್ತದೆ. ಹೊಯ್ಸಳರ ಶಿಲ್ಪಿಗಳು ಅಷ್ಟು ಸಣ್ಣ ಕೆತ್ತನೆ ಮಾಡಲು ಸಾಧ್ಯವಾದದ್ದು ಈ ಜಾತಿಯ ಮೆತ್ತನೆ ಕಲ್ಲಿನಿಂದ. ಗ್ರಾನೈಟಿನಲ್ಲಿ ಆ ಕೆಲಸಕ್ಕೆ ಕೂತರೆ ಉಳಿಯೇ ಮೊಂಡಾಗುತ್ತದೆ.

ಮನೆಯ ನೆಲವನ್ನೂ ಮರೆಯಬೇಡಿ. ಶಹಾಬಾದ್ ಕಲ್ಲು ಸುಣ್ಣಶಿಲೆ. ಮಾರ್ಬಲ್ ಕೂಡ ಸುಣ್ಣದ್ದೇ. ನಿಂಬೆರಸ, ಹುಣಸೆಹುಳಿ ಚೆಲ್ಲಿ ಬಿಟ್ಟರೆ ಅಲ್ಲಿ ಹೊಳಪು ಹೋಗಿ ಕಲೆ ನಿಲ್ಲುವುದು ಅದಕ್ಕೇ. ಗ್ರಾನೈಟ್ ಕಟ್ಟೆಗೆ ಹುಳಿ ಬಿದ್ದರೆ ಒರೆಸಿದರೆ ಮುಗಿಯಿತು. ಅಂಗಡಿಯವರು ಯಾವ ಹೆಸರು ಹೇಳಿದರೂ ಸರಿ, ಒಂದು ತುಂಡು ಕೇಳಿ ತಂದು ಚಾಕು, ನಿಂಬೆ ಹಿಡಿದು ನೋಡಿ ಆಮೇಲೆ ದುಡ್ಡು ಕೊಡಿ.

ಎಲ್ಲ ಕಲ್ಲಿಗೂ ಈ ದಾರಿ ಸಾಲುವುದಿಲ್ಲ. ಕಾಳೇ ಕಾಣದ ಶಿಲೆಗಳಲ್ಲಿ ಒಂದು ಹಂತದ ಮೇಲೆ ಕಲ್ಲನ್ನು ಸುಮಾರು 0.03 ಮಿ.ಮೀ. ತೆಳುವಾಗುವಷ್ಟು ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಅಲ್ಲಿಯವರೆಗೆ "ಕಪ್ಪು, ಸಣ್ಣ ಕಾಳು, ಚಾಕುವಿಗೆ ಸೋಲದು, ಆಯಸ್ಕಾಂತ ಸ್ವಲ್ಪ ಎಳೆಯುತ್ತದೆ" ಅಂತ ಬರೆದಿಡುವುದು ತಪ್ಪು ಹೆಸರು ಬರೆಯುವುದಕ್ಕಿಂತ ಎಷ್ಟೋ ವಾಸಿ. ಜೊತೆಗೆ ಸಿಕ್ಕ ಊರು, ಜಾಗ ಬರೆಯಿರಿ. ಎಲ್ಲಿಯದು ಅಂತ ಗೊತ್ತಿಲ್ಲದ ಕಲ್ಲಿನ ಬಗ್ಗೆ ಬಲ್ಲವರೂ ಅರ್ಧವೇ ಹೇಳಬಲ್ಲರು.

ಒಡೆದ ಹೊಸ ಮೈ ಬೇಕೆಂದು ಗಣಿ, ಕ್ವಾರಿಯೊಳಗೆ ನುಗ್ಗಬೇಕಾಗಿಲ್ಲ. ಮನೆ ಕಟ್ಟುವ ಕಡೆ ಸುರಿದ ಜಲ್ಲಿ ರಾಶಿ, ಬಾವಿ ತೋಡಿ ಹಾಕಿದ ಕಲ್ಲು ಸಾಕಷ್ಟು ಸಿಗುತ್ತವೆ. ನಮ್ಮ ಕಡೆಯಂತೂ ಬೋರ್‌ವೆಲ್ ಕೊರೆಯದ ಹೊಲ ಎಲ್ಲಿದೆ? ಲಾರಿ ನಿಂತು ಕೊರೆಯುವಾಗ ಹೊರಗೆ ಉಗುಳುವ ಪುಡಿಯನ್ನು ಇಷ್ಟಿಷ್ಟು ಆಳಕ್ಕೆ ಒಂದೊಂದು ಹಿಡಿಯಂತೆ ತೆಗೆದು, ಜರಡಿಯಲ್ಲಿ ತೊಳೆದು ಸಾಲಾಗಿ ಹರವಿ. ಮಸೂರದಲ್ಲಿ ನೋಡಿದರೆ ಮಿಂಚುವ ಫೆಲ್ಡ್‌ಸ್ಪಾರ್ ಚೂರು ಎಲ್ಲಿಯವರೆಗೆ ಬಂತು, ಹಸಿರುಗಪ್ಪು ಚೂರು ಎಷ್ಟು ಅಡಿಗೆ ಶುರುವಾಯಿತು, ತುಕ್ಕು ಹಿಡಿದ ಚೂರು ಯಾವ ಆಳದ್ದು ಅಂತ ಗೊತ್ತಾಗುತ್ತದೆ. ಆ ತುಕ್ಕಿನ ಚೂರು ಬಂದ ಆಳದಲ್ಲಿ ಬಂಡೆ ಬಿರುಕು ಬಿಟ್ಟಿರುವ, ಅದರಲ್ಲಿ ನೀರಾಡಿರುವ ಸಾಧ್ಯತೆ ಜಾಸ್ತಿ. ಕೊರೆಸುವವರು ಅದನ್ನು ಬರೆದಿಟ್ಟುಕೊಂಡರೆ ಕೇಸಿಂಗ್ ಪೈಪ್ ಎಲ್ಲಿಯವರೆಗೆ ಇಳಿಸಬೇಕು ಅನ್ನುವ ಮಾತುಕತೆಗೂ ಬರುತ್ತದೆ.